ಒಂಬತ್ತರ ತಾಳೆ

೯ ಸೆಪ್ಟೆಂಬರ್ ೧೯೫೧, ರವಿವಾರ, ಮುಲುಂಡ್

ಡಾಕ್ಟರರು ಅರ್ಧ ತಾಸು ಮಾತನಾಡಿದರು. ನನಗೆ ತಿಳಿದದ್ದು ಎರಡೇ. ಒಂದು, ನನ್ನ ಹೆಂಡತಿ ಕಾಶವ್ವನ ಹೃದಯದ ಕವಾಟವೊಂದು ಚಿಕ್ಕಂದಿನ ಜ್ವರದಲ್ಲಿ ಕೆಟ್ಟು ಈಗ ಸರಿಯಾಗಿ ತೆರೆಯುತ್ತಿಲ್ಲ. ಎರಡು, ಅವಳ ಎದುರಿಗೆ ಯಾರೂ ಸಿಟ್ಟು ಮಾಡಬಾರದು. ಮೊದಲನೆಯದಕ್ಕೆ ಅವರ ಬಳಿ ಉಪಾಯವಿಲ್ಲ, ಎರಡನೆಯದಕ್ಕೆ ನನ್ನ ಬಳಿ ಇಲ್ಲ. ಆದ್ದರಿಂದ ಈ ವಹಿ. ಇನ್ನು ಮೇಲೆ ಸಿಟ್ಟನ್ನೆಲ್ಲ ಇದರಲ್ಲಿ ಬರೆದು, ಮುಚ್ಚಿ, ಟ್ರಂಕಿನಲ್ಲಿಡುವುದು.

ಮೊದಲ ಸಿಟ್ಟು: ದವಾಖಾನೆಯಲ್ಲಿ ಮೂರು ತಾಸು ಹಾಳಾಯಿತು. ಅಷ್ಟರಲ್ಲಿ ಅರ್ಧ ಮೆಟ್ಟಿಲು ಮುಗಿಯುತ್ತಿತ್ತು.

ಮೆಟ್ಟಿಲೆಂದರೆ ನನ್ನ ಲೆಕ್ಕದ್ದು. ಇನ್ನೂರ ಎಪ್ಪತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಎಂಬತ್ತೆರಡು ಅಂಕಿಗಳ ಸಂಖ್ಯೆ ಬರುತ್ತದೆ. ಮೂರರಿಂದ ಆರಂಭ, ಏಳರಲ್ಲಿ ಕೊನೆ. ಅದು ಅವಿಭಾಜ್ಯವೋ ಅಲ್ಲವೋ ಎಂದು ಇದುವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ನೋಡುವ ದಾರಿ ಮಾತ್ರ ಸರಳ. ನಾಲ್ಕರಿಂದ ಹೊರಡಬೇಕು. ವರ್ಗ ಮಾಡು, ಎರಡು ಕಳೆ, ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನು ಇಟ್ಟುಕೋ. ಆ ಶೇಷವನ್ನು ಮತ್ತೆ ವರ್ಗ ಮಾಡು. ಹೀಗೆ ಇನ್ನೂರ ಅರವತ್ತೊಂಬತ್ತು ಮೆಟ್ಟಿಲು. ಕೊನೆಯ ಮೆಟ್ಟಿಲಿನಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಮತ್ತೇನಾದರೂ ಬಂದರೆ ಅಲ್ಲ. ನಡುವೆ ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ಕಸ.

ಇವತ್ತಿಗೆ ನೂರ ಮೂವತ್ತೊಂದನೆಯ ಮೆಟ್ಟಿಲಲ್ಲಿದ್ದೇನೆ. ನಮ್ಮ ಮನೆ ಮೂರನೆಯ ಮಾಳಿಗೆಯಲ್ಲಿದೆ. ಕಾಶವ್ವ ಇನ್ನು ಆ ಮೆಟ್ಟಿಲುಗಳನ್ನು ಹತ್ತಬಾರದಂತೆ, ಇಳಿಯಲೂಬಾರದಂತೆ.

೧೩ ಸೆಪ್ಟೆಂಬರ್, ಗುರುವಾರ

ಕಚೇರಿ ಐದೂವರೆಗೆ ಬಿಡುತ್ತದೆ. ಆಮೇಲೆ ಒಂದೂವರೆ ತಾಸು ಲೆಕ್ಕದ ಯಂತ್ರ ನನ್ನದು. ಹಿಡಿಕೆ ತಿರುವಿದರೆ ಗುಣಾಕಾರವಾಗುವ ಕಬ್ಬಿಣದ ಪೆಟ್ಟಿಗೆ ಅದು. ಹಗಲೆಲ್ಲ ಅದರಲ್ಲಿ ವಿಮಾ ಕಂಪನಿಯ ಆಯುಷ್ಯದ ಕೋಷ್ಟಕ ಮಾಡುತ್ತೇನೆ, ಸಂಜೆ ನನ್ನ ಸಂಖ್ಯೆ.

ಮನೆಗೆ ಬಂದಾಗ ಎಂಟೂ ಕಾಲು. ಕಾಶವ್ವ ಮೂರು ದಿಂಬಿಗೆ ಒರಗಿ ಕೂತು ಉಸಿರು ಎಳೆಯುತ್ತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಎದುರು ಮನೆಯ ಗಂಗುಬಾಯಿ ಬೀಸಣಿಗೆ ಬೀಸುತ್ತ ನನ್ನನ್ನು ಒಂದು ನಮೂನೆ ನೋಡಿದಳು. ಬೆಳಗಾವಿಯವಳು. ಗಂಡ ತೀರಿಕೊಂಡ ಮೇಲೆ ಊರಿನವರ ಮನೆಯದೆಲ್ಲ ತನ್ನದೇ ಕೆಲಸ ಎಂದುಕೊಂಡಿದ್ದಾಳೆ. ನಾನೇನು ಸಿನಿಮಾ ನೋಡಲು ಹೋಗಿದ್ದೆನೇ?

೨೦ ಸೆಪ್ಟೆಂಬರ್, ಗುರುವಾರ

ಹದಿನೆಂಟು ವರ್ಷ ಸಂಸಾರ ಮಾಡಿದರೂ ನಾನು ಬರೆಯುವುದು ಏನೆಂದು ಕಾಶವ್ವ ಕೇಳಿದವಳಲ್ಲ. ನನ್ನ ಸಂಖ್ಯೆಗೆ ಅವಳು ಇಟ್ಟ ಹೆಸರು ಸವತಿ. ಇವತ್ತು ಹಾಸಿಗೆಯಲ್ಲಿ ಬೇಸರವಾಗಿ ಕೇಳಿದಳು, "ಅವಿಭಾಜ್ಯ ಅಂದ್ರ ಏನ್ರಿ?"

ತಟ್ಟೆಯಲ್ಲಿ ಹುರಿದ ಶೇಂಗಾ ಇತ್ತು. ಹದಿಮೂರು ಬೀಜ ಎಣಿಸಿಕೊಟ್ಟು, ಸಮ ಸಾಲುಗಳಲ್ಲಿ ಜೋಡಿಸು ಎಂದೆ. ಬಹಳ ಹೊತ್ತು ಜೋಡಿಸಿದಳು.

"ಎರಡೆರಡರ ಸಾಲ ಹಚ್ಚಿದ್ರ ಒಂದ ಹೊರಗ ಉಳೀತೈತಿ. ಮೂರ್ ಮೂರರದು ಹಚ್ಚಿದ್ರೂ ಒಂದ ಹೊರಗ. ನಾಕ್ ನಾಕರದು ಹಚ್ಚಿದ್ರೂ ಅದ ಹಾಡು. ಒಟ್ಟ ಯಾರ ಪಂಕ್ತಿಗೂ ಕೂಡಂಗಿಲ್ಲ ಇದು." ನಂತರ ನನ್ನ ಮುಖ ನೋಡಿ, "ನಿಮ್ಮ ಹಂಗ" ಎಂದಳು.

ನಕ್ಕಳು. ನಕ್ಕದ್ದಕ್ಕೇ ಕೆಮ್ಮು ಬಂತು. ನನ್ನ ಮೆಟ್ಟಿಲು ಅರ್ಧಕ್ಕೆ ನಿಂತಿತ್ತು, ಕೆಮ್ಮು ನಿಲ್ಲುವವರೆಗೆ ಎಣಿಕೆ ತಪ್ಪುತ್ತಲೇ ಇತ್ತು.

೩೦ ಸೆಪ್ಟೆಂಬರ್, ರವಿವಾರ

ಕಾಶವ್ವನಿಗೆ ಕೆಲಸ ಕೊಟ್ಟಿದ್ದೇನೆ. ವಿಜಾಪುರದಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಓದಿದವಳು, ಕೂಡಿಸಲು ಬರುತ್ತದೆ. ಪ್ರತಿ ಮೆಟ್ಟಿಲಿನ ಉತ್ತರವನ್ನು ನನ್ನ ಗೀಚು ಹಾಳೆಯಿಂದ ದೊಡ್ಡ ವಹಿಗೆ ಅವಳು ಚೊಕ್ಕವಾಗಿ ಇಳಿಸಬೇಕು. ಇಳಿಸಿದ ಮೇಲೆ ಎಂಬತ್ತೆರಡು ಅಂಕಿಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿ, ಉಳಿದದ್ದು ನಾನು ಮೂಲೆಯಲ್ಲಿ ಬರೆದ ಅಂಕಿಗೆ ಹೊಂದುತ್ತದೆಯೇ ನೋಡಬೇಕು. ಇದು ಒಂಬತ್ತರ ತಾಳೆ. ಹೊಂದಿದರೆ 'ತಾಳೆ ಸರಿ' ಎಂದು ಬರೆಯುವುದು. ಮುಂದಿನ ಮೆಟ್ಟಿಲನ್ನು ನಾನು ಅವಳ ವಹಿಯಿಂದಲೇ ಹತ್ತುತ್ತೇನೆ.

"ಹೊಂದಿದ್ರ ತಪ್ಪ ಇಲ್ಲ ಅಂತ ಖಾತ್ರೀನ?"

"ಖಾತ್ರಿ ಇಲ್ಲ. ಎರಡು ಅಂಕಿ ಜಾಗಾ ಅದಲುಬದಲು ಆದ್ರ ಒಂಬತ್ತಕ್ಕ ತಿಳಿಯೂದಿಲ್ಲ. ನಲವತ್ತೇಳು ಬರಿಯೂದ ಎಪ್ಪತ್ನಾಕು ಬರದ್ರೂ ಕೂಡಿಸಿದ್ರ ಹನ್ನೊಂದ ಬರತೈತಿ."

"ಒಂಬತ್ತಕ್ಕ ಕಣ್ಣ ಮಂದ ಅನ್ರಿ" ಎಂದಳು.

ಅದಕ್ಕೇ ರವಿವಾರಕ್ಕೊಮ್ಮೆ ನಾನು ಹನ್ನೊಂದರ ತಾಳೆ ನೋಡುತ್ತೇನೆ. ಅದು ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆಯುವ ಲೆಕ್ಕ, ಅದಲುಬದಲನ್ನು ಹಿಡಿಯುತ್ತದೆ. ಅಂಕಿಗಳನ್ನು ಅವಳು ಕನ್ನಡದಲ್ಲಿ ಬರೆಯುತ್ತಾಳೆ, ರಂಗೋಲಿ ಹಾಕುವವಳ ಕೈ. ನೂರ ನಲವತ್ತೆಂಟನೆಯ ಮೆಟ್ಟಿಲು ಹಿಂದಿನ ಎಲ್ಲಕ್ಕಿಂತ ನೋಡಲು ಚೆಂದವಾಗಿದೆ.

೧೬ ಅಕ್ಟೋಬರ್, ಮಂಗಳವಾರ

ಕಚೇರಿ ಯಂತ್ರದ ಹಿಡಿಕೆ ಸಡಿಲಾಗಿದೆ. ಕಾಯುತ್ತ ಕೂರುವುದು ಯಾಕೆಂದು ಐದು ನಲವತ್ತೆರಡರ ಲೋಕಲ್ ರೈಲು ಹಿಡಿದು ಬಂದುಬಿಟ್ಟೆ. ಮನೆಯಲ್ಲಿ ಕೈಯಿಂದಲೇ ಮಾಡಬಹುದು. ಒಂದು ಮೆಟ್ಟಿಲಿಗೆ ಎರಡು ದಿನ ಬೇಕಾಗುತ್ತದೆ, ಅಷ್ಟೇ.

ಡಾಕ್ಟರರು ಇವತ್ತು ಬಂದವರು ನನ್ನನ್ನು ಹೊರಗೆ ಜೀನೆಯ ಮೆಟ್ಟಿಲುಗಳವರೆಗೆ ಕರೆದುಕೊಂಡು ಹೋಗಿ ಹೇಳಿದರು, ಬೇಸಿಗೆ ದಾಟಿದರೆ ದೊಡ್ಡದು. ಮೂವತ್ತೇಳು ವಯಸ್ಸಿನ ಸಾವಿರ ಹೆಂಗಸರಲ್ಲಿ ವರ್ಷದೊಳಗೆ ಎಷ್ಟು ಜನ ಸಾಯುತ್ತಾರೆ ಎಂದು ಕೇಳಿದರೆ ನಾನು ಕೋಷ್ಟಕ ನೋಡದೆ ಹೇಳಬಲ್ಲೆ. ಆ ಸಾವಿರದಲ್ಲಿ ಯಾರು ಎಂಬ ಕಾಲಂ ಕೋಷ್ಟಕದಲ್ಲಿಲ್ಲ.

೪ ನವೆಂಬರ್, ರವಿವಾರ

ದೀಪಾವಳಿಯಲ್ಲಿ ಗಂಗುಬಾಯಿ ಕಾಶವ್ವನಿಗೆ ಉಪ್ಪಿನಕಾಯಿ ಕೊಟ್ಟಿದ್ದಾಳೆ! ಡಾಕ್ಟರರು ಉಪ್ಪು ಪೂರ್ತಿ ಬಂದ್ ಮಾಡಿ ಎರಡು ತಿಂಗಳಾಯಿತು. ಇವತ್ತು ಅವಳ ಕಾಲು ಮೊಣಕಾಲಿನವರೆಗೆ ಊದಿದೆ. ಒತ್ತಿದರೆ ಬೆರಳಿನ ಗುಣಿ ಹಾಗೇ ಉಳಿಯುತ್ತದೆ. ಹೊರಗೆ ಹೋಗಿ ಗಂಗುಬಾಯಿಗೆ ಹೇಳಬಾರದ್ದೆಲ್ಲ ಹೇಳಿದೆ.

"ದಾದಾ, ಸಪ್ಪನ ಸಾರು ಗಂಟಲಾಗ ಇಳೀವಲ್ದು ಅಂತ ಅಳಾಕತ್ತಿದ್ರು ವೈನಿ. ಥೋಡೆ ಕೊಟ್ಟೆ ನೋಡ್ರಿ, ಉಗುರಿನಷ್ಟ. ನನಗ ಬೈರಿ, ಅವರಿಗೆ ಬೈಬ್ಯಾಡ್ರಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಒಳಗೆ ಬಂದು ನೋಡಿದರೆ ಕಾಶವ್ವನೂ ಅಳುತ್ತಿದ್ದಾಳೆ. ಒಬ್ಬಳ ಮೇಲೂ ಸಿಟ್ಟು ಮಾಡುವಂತಿಲ್ಲ. ನನ್ನ ಸಾರಿಗೂ ಉಪ್ಪು ಹಾಕಬೇಡ ಎಂದು, ನಮ್ಮ ಅಡಿಗೆಯನ್ನೂ ನೋಡಿಕೊಳ್ಳುವ ಗಂಗುಬಾಯಿಗೆ ಹೇಳಿದ್ದೇನೆ. ಬೇರೆ ಬೇರೆ ಪಾತ್ರೆ ಮಾಡುವುದು ತಾಪತ್ರಯ.

೨೯ ನವೆಂಬರ್, ಗುರುವಾರ

ನಾಲ್ಕು ದಿನದಿಂದ ಲೆಕ್ಕವಿಲ್ಲ. ನೀರು ಇಳಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ. ತುಟಿ ನೀಲಿ. ನಾನು ಬೀಸಣಿಗೆ ಬೀಸುತ್ತೇನೆ.

೩ ಡಿಸೆಂಬರ್, ಸೋಮವಾರ

ಊತ ಇಳಿದಿದೆ. ಮುಂಜಾನೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನನ್ನ ಸವತಿ ಹೆಂಗದಾಳ್ರಿ? ಎಷ್ಟ್ ಮೆಟ್ಟಲಾ ಉಳದಾವು?"

"ತೊಂಬತ್ತಾರು."

"ಹಂಗಾರ ಚಿಂತಿ ಇಲ್ಲ. ಲೆಕ್ಕ ಮುಗಿಯೂತನಕ ನಾ ಎಲ್ಲೂ ಹೋಗಂಗಿಲ್ಲ. ಆಕೀನ್ನ ಒಬ್ಬಾಕೀನ್ನ ನಿಮ್ಮ ಕೈಯಾಗ ಬಿಟ್ಟು ಹೆಂಗ ಹೋಗ್ಲಿ?"

ಹುಚ್ಚು ಮಾತು. ಎಂಬತ್ತೆರಡು ಅಂಕಿಗಳಿಗೂ ಒಂದು ಹೃದಯಕ್ಕೂ ಸಂಬಂಧವಿಲ್ಲ. ನಾನು ಹರಕೆ ಹೊರುವವನಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಅವ್ವ ಹೊತ್ತ ಹರಕೆ ತೀರಿಸಲಿಕ್ಕೂ ನಾನು ಊರಿಗೆ ಹೋಗಲಿಲ್ಲ. ಆದರೂ ತೊಂಬತ್ತಾರನ್ನು ಎರಡರಿಂದ ಗುಣಿಸಿದೆ. ನೂರ ತೊಂಬತ್ತೆರಡು ದಿನ ಎಂದರೆ ಜೂನ್ ನಡುವೆ. ಬೇಸಿಗೆ ದಾಟುತ್ತದೆ.

೧೩ ಜನವರಿ ೧೯೫೨, ರವಿವಾರ

ಹಾಳಾಯಿತು!

ನವೆಂಬರಿನಿಂದ ರವಿವಾರದ ಹನ್ನೊಂದರ ತಾಳೆ ಬಿಟ್ಟಿದ್ದೆ. ಇವತ್ತು ಕೂತು ನೋಡಿದರೆ ನೂರ ಎಪ್ಪತ್ತಾರನೆಯ ಮೆಟ್ಟಿಲು ಹೊಂದುತ್ತಿಲ್ಲ. ನನ್ನ ಹಾಳೆಯಲ್ಲಿ ನಾಲ್ಕು ಏಳು ಎಂದಿದೆ, ಅವಳ ವಹಿಯಲ್ಲಿ ಏಳು ನಾಲ್ಕು. ಅಲ್ಲಿಂದ ಮುಂದಿನ ಹದಿನಾರು ಮೆಟ್ಟಿಲು, ಒಂದು ತಿಂಗಳ ಕೆಲಸ, ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

ಡಾಕ್ಟರರ ಮಾತು ಮರೆತೆ. ವಹಿಯನ್ನು ನೆಲಕ್ಕೆ ಒಗೆದು ಕೂಗಾಡಿದೆ. ಕಣ್ಣು ಎಲ್ಲಿಟ್ಟಿದ್ದೆ, ನಾಲ್ಕನೆಯ ಇಯತ್ತೆಯಲ್ಲಿ ಇದನ್ನೇ ಕಲಿಸಿದರೇನು ಎಂದೆಲ್ಲ ಅಂದೆ. ಗಂಗುಬಾಯಿ ಬಾಗಿಲಿಗೆ ಬಂದು ನಿಂತಳು.

"ಕಣ್ಣ ಮಂಜಾಗಿತ್ತೋ ಏನೋ" ಎಂದಳು ಕಾಶವ್ವ. ನೆಲದ ಮೇಲಿನ ವಹಿಯ ಕಡೆ ನೋಡಿ, "ಹಂಗಾರ ಇನ್ನೊಂದ ತಿಂಗಳು ಹೆಚ್ಚಿಗಿ ಹಿಡಿತೈತೇನ್ರಿ?"

"ಹಿಡೀದ ಮತ್ತೇನು?"

"ಹೌದಾ" ಎಂದು ದಿಂಬಿಗೆ ಒರಗಿದಳು.

ನನ್ನ ಒಂದು ತಿಂಗಳು ನುಂಗಿದವಳು ಮಧ್ಯಾಹ್ನ ಎರಡು ರೊಟ್ಟಿ ತಿಂದಳು, ಗಂಗುಬಾಯಿಯಿಂದ ತಲೆ ಬಾಚಿಸಿಕೊಂಡಳು, ಸಂಜೆಯವರೆಗೆ ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದಳು. ಎಷ್ಟು ದಿನಗಳಾಗಿದ್ದವು ಅವಳು ಹಾಗೆ ಮಲಗಿ! ಸಿಟ್ಟು ಬರುವುದಿಲ್ಲವೇ ಮನುಷ್ಯನಿಗೆ? ನಾಳೆ ನೂರ ಎಪ್ಪತ್ತಾರರಿಂದ ಮತ್ತೆ.

೧೧ ಮಾರ್ಚ್, ಮಂಗಳವಾರ

ಶಾಮಣ್ಣ ಮೈಸೂರು ಕಡೆಯವರು, ಮಾಟುಂಗದಲ್ಲಿ ಮನೆ, ಕಚೇರಿಯಲ್ಲಿ ನನ್ನ ಪಕ್ಕದ ಮೇಜು. ಓದುವ ಗೀಳಿನ ಮನುಷ್ಯ. ನನ್ನ ಲೆಕ್ಕದ ವಿಷಯ ಕಚೇರಿಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ. ಚಹಾ ಹೊತ್ತಿನಲ್ಲಿ ಬಂದು, ಕೂತುಕೊಳ್ಳದೆ, ಹೇಳಿದರು.

"ನೀಲಕಂಠಪ್ಪನೋರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಮೆರಿಕದಲ್ಲಿ ವಿದ್ಯುತ್ತಿನ ಲೆಕ್ಕದ ಯಂತ್ರ ಒಂದಿದೆಯಂತೆ. ಜನವರಿ ಕೊನೇಲಿ ಅದಕ್ಕೆ ನಿಮ್ಮ ಜಾತಿ ಸಂಖ್ಯೆಗಳನ್ನೆಲ್ಲ ಕೊಟ್ಟರಂತೆ. ಐನೂರ ಇಪ್ಪತ್ತೊಂದು ಎರಡುಗಳದ್ದು ಅವಿಭಾಜ್ಯ ಅಂತ ಬಂತಂತೆ. ಅದಕ್ಕಿಂತ ಕೆಳಗೆ ಉಳಿದಿದ್ದ ಯಾವುದೂ ಅಲ್ಲವಂತೆ."

"ಇನ್ನೂರ ಎಪ್ಪತ್ತೊಂದು?"

"ಅದೂ ಅಲ್ಲ ಕಣ್ರೀ."

"ಎಷ್ಟು ಹೊತ್ತು ಹಿಡಿಯಿತಂತೆ?"

ಶಾಮಣ್ಣ ನೆಲ ನೋಡಿದರು. "ಒಂದೊಂದಕ್ಕೆ ಒಂದು ನಿಮಿಷವೂ ಇಲ್ಲವೇನೋಪ್ಪ."

ಹದಿಮೂರು ತಿಂಗಳು. ಒಂದು ನಿಮಿಷ. ನಾನು ಎದ್ದು ಹೋಗಿ ಕೈ ತೊಳೆದು ಬಂದು ಮತ್ತೆ ಕೋಷ್ಟಕಕ್ಕೆ ಕೂತೆ. ಲೋಕಲ್‌ನಲ್ಲಿ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದೆ. ಘಾಟಕೋಪರದವರೆಗೆ ಕಣ್ಣಿಗೆ ಏನೂ ಕಾಣಿಸಲಿಲ್ಲ. ಇಂಥದ್ದಕ್ಕೆ ಅಳುತ್ತಾರೆಯೇ ಯಾರಾದರೂ?

ಮನೆಗೆ ಹೋಗುತ್ತಲೇ ಹೇಳಿ ಮುಗಿಸಿಬಿಡಬೇಕೆಂದು ಮೆಟ್ಟಿಲು ಹತ್ತಿದೆ. ಕಾಶವ್ವ ಸೀಸಕಡ್ಡಿ ಚೂಪು ಮಾಡಿಕೊಂಡು, ವಹಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಇವತ್ತ ಯಾಕ ತಡಾ? ಇನ್ನೂರ ನಾಕನೇದು ಮುಗಸ್ತೀನಿ ಅಂದಿದ್ರಲ್ಲ" ಎಂದಳು.

ಕೈಕಾಲು ತೊಳೆದುಕೊಂಡು ಕೂತು ಇನ್ನೂರ ನಾಲ್ಕನೆಯದು ಮುಗಿಸಿದೆ.

೨ ಏಪ್ರಿಲ್, ಬುಧವಾರ

ಕೆಟ್ಟ ಕವಾಟವನ್ನು ವಿಲಾಯತಿಯಲ್ಲಿ ಬೆರಳು ಹಾಕಿ ತೆರೆಯಲು ಶುರು ಮಾಡಿದ್ದಾರಂತೆ. ಡಾಕ್ಟರರು ಪತ್ರಿಕೆಯಲ್ಲಿ ಓದಿದ್ದಾರೆ. ಇಲ್ಲಿಗೆ ಯಾವಾಗ ಬರುತ್ತದೆ ಎಂದು ಕೇಳಿದೆ. ಬರುತ್ತದೆ, ಬರದೆ ಏನು, ಎರಡು ಮೂರು ವರ್ಷ ಎಂದರು. ನನಗೆ ಬೇಡವಾದ ಯಂತ್ರ ಒಂದು ನಿಮಿಷದಲ್ಲಿ ಬಂತು. ಬೇಕಾದ ಬೆರಳು ಮೂರು ವರ್ಷಕ್ಕೆ ಬರುತ್ತದೆ.

ಊಟದ ಹೊತ್ತಿನಲ್ಲಿ ಗುಣಾಕಾರ ಮಾಡುತ್ತಿದ್ದೆ. "ಇನ್ನೂ ಯಾಕ್ರೀ ಅದು?" ಎಂದರು ಶಾಮಣ್ಣ. "ನನ್ನ ಖುಷಿ" ಎಂದೆ, ಒರಟಾಗಿ. ಪಾಪ, ಒಳ್ಳೆಯ ಮನುಷ್ಯ.

೮ ಏಪ್ರಿಲ್, ಮಂಗಳವಾರ

ಸೆಕೆ. ಕಿಟಕಿಗೆ ಒದ್ದೆ ಚಾದರ ಕಟ್ಟಿದ್ದೇನೆ. ಎಂಬತ್ತೆರಡು ಅಂಕಿ ಇಳಿಸಲು ಅವಳಿಗೆ ಈಗ ಒಂದು ತಾಸು ಬೇಕು. ಹತ್ತು ಬರೆದು ಕಣ್ಣು ಮುಚ್ಚುತ್ತಾಳೆ, ಮತ್ತೆ ಹತ್ತು. ರಂಗೋಲಿಯ ಕೈ ಹೋಗಿದೆ, ಅಂಕಿಗಳು ನಡುಗುತ್ತವೆ. ನಾನೇ ಬರೆಯುತ್ತೇನೆ ಕೊಡು ಎಂದರೆ ಕೊಡುವುದಿಲ್ಲ.

"ರವಿವಾರದ ಹನ್ನೊಂದರ ತಾಳೆ ಬಿಟ್ಟೀರೇನ್ರಿ? ತಿಂಗಳಾತು, ಮಾಡಿದ್ದ ಕಾಣಲಿಲ್ಲ."

"ಸೆಕಿಗೆ ತಲಿ ಓಡೂದಿಲ್ಲ. ನಿನ್ನ ಒಂಬತ್ತು ಐತಲ್ಲ, ಸಾಕು."

ಇದಕ್ಕಿಂತ ದೊಡ್ಡ ಸುಳ್ಳನ್ನು ಹದಿನೆಂಟು ವರ್ಷದಲ್ಲಿ ಹೇಳಿರಲಿಲ್ಲ. ಸತ್ತ ಲೆಕ್ಕಕ್ಕೆ ಯಾವ ತಾಳೆ? ಅವಳು ಮುಂದಿನ ಹತ್ತು ಅಂಕಿ ಇಳಿಸಿದಳು.

೨೦ ಏಪ್ರಿಲ್, ರವಿವಾರ

ಎರಡು ಚಮಚ ಗಂಜಿ. ಒಂದು ಚಮಚ ಹೊರಗೆ ಬಂತು.

"ಎಷ್ಟ್ ಉಳದಾವ್ರಿ?"

"ನಲವತ್ತೊಂಬತ್ತು."

"ಮುಗೀಲಿಕ್ಕ ಬಂತು" ಎಂದಳು. ಆಮೇಲೆ, "ಸೊನ್ನಿ ಬರತೈತೇನ್ರಿ?"

"ಬರಬಹುದು."

"ಬರ್ಲಿ. ಇಷ್ಟ್ ದುಡದೀರಿ."

ಹೊರಗೆ ಹೋಗಿ ಜೀನೆಯಲ್ಲಿ ನಿಂತೆ. ಗಂಗುಬಾಯಿ ಬಂದು ಏನೂ ಕೇಳದೆ ನೀರು ಕೊಟ್ಟು ಹೋದಳು. ನನಗೆ ಯಾರ ಮೇಲಾದರೂ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಹೆದರಿಕೆಯಾಯಿತು.

೨೭ ಏಪ್ರಿಲ್, ರವಿವಾರ

ಮಧ್ಯಾಹ್ನ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೆಮ್ಮಿರಲಿಲ್ಲ. ಮನೆ ಇಷ್ಟು ಸದ್ದಿಲ್ಲದೆ ಇದ್ದರೆ ನನಗೆ ಕೂರಲಾಗುವುದಿಲ್ಲ. ಅವಳ ಬೆನ್ನು ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದೆ. ಕೈಗೆ ಏನಾದರೂ ಕೆಲಸ ಬೇಕೆಂದು ವಹಿ ತೆಗೆದು, ಅರ್ಥವಿಲ್ಲದಿದ್ದರೂ, ಹನ್ನೊಂದರ ತಾಳೆಗೆ ಕೂತೆ.

ಇನ್ನೂರ ಹದಿನೆಂಟನೆಯ ಮೆಟ್ಟಿಲು ಹೊಂದಲಿಲ್ಲ. ಹನ್ನೆರಡು ದಿನದ ಹಿಂದೆ ಇಳಿಸಿದ್ದು.

ನನ್ನ ಗೀಚು ಹಾಳೆ ತೆಗೆದು ಬೆರಳಿಟ್ಟು ಒಂದೊಂದೇ ಅಂಕಿ ನೋಡಿದೆ. ಮೂವತ್ತಾರನೆಯದು, ಮೂವತ್ತೇಳನೆಯದು. ನನ್ನದರಲ್ಲಿ ನಾಲ್ಕು ಏಳು. ಅವಳದರಲ್ಲಿ ಏಳು ನಾಲ್ಕು. ಜನವರಿಯಲ್ಲಿ ಸಿಕ್ಕಿದ್ದೂ ಇದೇ ಜೋಡಿ. ನಾನು ಉದಾಹರಣೆಗೆಂದು ಹೇಳಿಕೊಟ್ಟ ಜೋಡಿಯೂ ಇದೇ.

ಪುಟದ ಮೇಲೆ ಉಳಿದ ಎಂಬತ್ತು ಅಂಕಿಗಳೂ ನಡುಗಿವೆ. ಒಂದು ಗೆರೆಯೂ ನೆಟ್ಟಗಿಲ್ಲ. ಈ ಎರಡು ಮಾತ್ರ ನಡುಗಿಲ್ಲ. ಸೀಸಕಡ್ಡಿ ಒತ್ತಿ, ನಿಧಾನವಾಗಿ, ಹಳೆಯ ಕೈಯಿಂದ ಬರೆದಿದ್ದಾಳೆ. ಕೆಳಗೆ 'ತಾಳೆ ಸರಿ' ಎಂದೂ ಬರೆದಿದ್ದಾಳೆ. ಒಂಬತ್ತಕ್ಕೆ ಕಣ್ಣು ಮಂದ ಎಂದು ಅವಳಿಗೆ ಗೊತ್ತಿತ್ತು, ರವಿವಾರದ ತಾಳೆಯನ್ನು ನಾನು ಬಿಟ್ಟಿದ್ದೂ ಗೊತ್ತಿತ್ತು. ಕೊನೆಗೆ ಒಮ್ಮೆ ಕೂತು ನೋಡುತ್ತೇನೆ, ಆಗ ಎಲ್ಲ ಮೆಟ್ಟಿಲು ಇಳಿದು ಮತ್ತೆ ಇಲ್ಲಿಂದಲೇ ಹತ್ತಬೇಕಾಗುತ್ತದೆ ಎಂದುಕೊಂಡು ಕಾಯುತ್ತಿದ್ದಾಳೆ.

ಆಯಿತೇ, ನೀಲಕಂಠಪ್ಪ? ಇಷ್ಟು ಸಣ್ಣ ಲೆಕ್ಕ ನಿನಗೆ ಬಿಡಿಸಲು ಬರಲಿಲ್ಲ. ಅವಳಿಗೆ ಇನ್ನಷ್ಟು ದಿನ ಇರಬೇಕಾಗಿದೆ. ಯಾರನ್ನು ಕೇಳಬೇಕೋ ತಿಳಿಯದೆ ನನ್ನ ವಹಿಯಲ್ಲಿ ಎರಡು ಅಂಕಿ ಅದಲುಬದಲು ಮಾಡಿದ್ದಾಳೆ. ಅದಕ್ಕೆ ನಾನು ಜನವರಿಯಲ್ಲಿ ವಹಿ ಒಗೆದು ಬೈದೆ.

ಬೆನ್ನು ಏಳುವುದು ಒಂದು ಗಳಿಗೆ ನಿಂತಿತ್ತು. ಎಚ್ಚರವಿದ್ದಳು. ಪುಟ ತಿರುವುವ ಸದ್ದಿಗೆ ಕಿವಿ ಕೊಟ್ಟು ಮಲಗಿದ್ದಳು.

"ಎಲ್ಲಾ ಹೊಂದೇತೇನ್ರಿ?" ಗೋಡೆಯ ಕಡೆಯಿಂದಲೇ ಕೇಳಿದಳು.

"ಎಲ್ಲಾ ಹೊಂದೇತಿ" ಎಂದೆ.

ಅವಳ 'ತಾಳೆ ಸರಿ' ಎಂಬುದರ ಪಕ್ಕಕ್ಕೆ ನನ್ನ ರುಜು ಹಾಕಿದೆ. ಸಂಜೆ ಅದೇ ತಪ್ಪಿನ ಮೇಲೆ ಮುಂದಿನ ಮೆಟ್ಟಿಲಿಗೆ ಕೂತೆ. ಅವಳು ಸೀಸಕಡ್ಡಿ ಚೂಪು ಮಾಡಿಕೊಡು ಎಂದಳು, ಮಾಡಿಕೊಟ್ಟೆ.

ಈ ತಪ್ಪು ನನಗೆ ಜೂನ್ ಮೊದಲನೆಯ ರವಿವಾರ ಸಿಗಬೇಕು, ಮಳೆ ಹಿಡಿದ ಮೇಲೆ. ಆಗ ಇಪ್ಪತ್ತೊಂದು ಮೆಟ್ಟಿಲು ಹಿಂದಕ್ಕೆ ಹೋಗಬೇಕಾಗುತ್ತದೆ. ಆವತ್ತು ವಹಿ ನೆಲಕ್ಕೆ ಒಗೆಯಬೇಕು. ಗಂಗುಬಾಯಿ ಬಾಗಿಲಿಗೆ ಓಡಿ ಬರುವಷ್ಟು ಜೋರಾಗಿ ಕೂಗಾಡಬೇಕು. ಬೈಯದಿದ್ದರೆ ಕಾಶವ್ವನಿಗೆ ಅನುಮಾನ ಬರುತ್ತದೆ. ಮರೆಯಬಾರದೆಂದು ಇಲ್ಲಿ ಬರೆದಿಟ್ಟಿದ್ದೇನೆ.